ರುಫೀನಾಳ ಒಲೆ, ಬಲ್ಲಿಯೊಂಗಿನ ನೀರು

ಒಬ್ಬಳಿಗೆ ಸಾಲುವಷ್ಟು ಅನ್ನ ಮಾಡುವುದು ರುಫೀನಾಳಿಗೆ ತಲೆ ನರೆತ ಮೇಲೂ ಬಂದಿರಲಿಲ್ಲ. ಗಂಡ ತೀರಿಕೊಂಡಿದ್ದ; ಮಕ್ಕಳಾಗಿರಲಿಲ್ಲ. ಆದರೂ ಡನ್ನಾಕ್ ಊರಿನ ಮೇಲ್ತುದಿಯ ಅವಳ ಮನೆಯಲ್ಲಿ ಒಲೆಗೇರುತ್ತಿದ್ದುದು ದೊಡ್ಡ ಪಾತ್ರೆಯೇ. ಎದುರುಬೆಟ್ಟದ ಬಲ್ಲಿಯೊಂಗಿನಿಂದ ಯಾರು ಬಂದರೂ, ಹಂದಿಮರಿ ಮಾರಲು ಬಂದವನಾಗಲಿ, ಪುರಸಭೆಯ ಕಚೇರಿಯಲ್ಲಿ ಮುದ್ರೆ ಹಾಕಿಸಲು ಬಂದವಳಾಗಲಿ, ಹಲ್ಲು ಕೀಳಿಸಿಕೊಂಡು ಕೆನ್ನೆ ಊದಿಸಿಕೊಂಡವನಾಗಲಿ, ಉಣ್ಣಬೇಕಾದುದು ಅವಳ ಮನೆಯಲ್ಲಿ, ಮಲಗಬೇಕಾದುದು ಅವಳ ಚಾಪೆಯ ಮೇಲೆ. ಅದು ಉಪಚಾರವಲ್ಲ, ಕಟ್ಟಳೆ.

ಬೆಟ್ಟದವರು ಅದನ್ನು ಬೊದೊಂಗ್ ಎನ್ನುತ್ತಾರೆ. ನಾವು ಸಂಧಿಯೆಂದರೆ ಸಾಕು. ತಲೆಗೆ ತಲೆ ತೆಗೆಯುತ್ತಿದ್ದ ಕಾಲದಲ್ಲಿ ರುಫೀನಾಳ ಅಜ್ಜನೂ, ಬಲ್ಲಿಯೊಂಗಿನ ಪರವಾಗಿ ಈಗ ಸಂಧಿ ಹೊತ್ತಿರುವ ಬಗ್ತಾಂಗನ ಅಜ್ಜನೂ ತಮ್ಮ ತಮ್ಮ ಈಟಿಗಳನ್ನು ಬದಲಿಸಿಕೊಂಡು, ಒಂದೇ ಬಟ್ಟಲಲ್ಲಿ ಕಬ್ಬಿನ ಮದ್ಯ ಕುಡಿದು, ಇಂದಿನಿಂದ ನಿಮ್ಮವರ ಪ್ರಾಣ ನಮ್ಮ ಮನೆಯ ಹೊಣೆಯೆಂದು ನುಡಿ ಕೊಟ್ಟಿದ್ದರು. ಆ ನುಡಿ ಊರಿನ ಸ್ವತ್ತಲ್ಲ, ಮನೆತನದ್ದು. ಮೆಟ್ಟಿಲುಗದ್ದೆಯಂತೆ, ಮೂಗಿನ ಆಕಾರದಂತೆ, ವಂಶದಲ್ಲಿ ಇಳಿದು ಬರುವಂಥದು. ರುಫೀನಾಳ ತಂದೆ ಸಾಯುವ ಹೊತ್ತಿಗೆ ಹಿರಿಯ ಮಗನನ್ನು ದಾಟಿ ಈಟಿಯನ್ನು ಮಗಳ ಕೈಗಿತ್ತಿದ್ದ.

"ಅವನಿಗೆ ಸಿಟ್ಟು ಬೇಗ ಬರುತ್ತೆ. ನಿನಗೆ ಬರೋದು ಸುಸ್ತು ಮಾತ್ರ. ಸುಸ್ತಾದೋಳು ಜಗಳಕ್ಕೆ ನಿಲ್ಲಲ್ಲ," ಎಂದಿದ್ದ.

ಆ ಸುಸ್ತು ಅಂದಿನಿಂದ ಅವಳ ಎಲುಬಿನಲ್ಲಿ ಮನೆ ಮಾಡಿತ್ತು. ಗಂಡನಿದ್ದಾಗ ಸೌದೆ ಅವನು ಒಡೆಯುತ್ತಿದ್ದ, ಅತಿಥಿಗಳ ಕಥೆಗೆ ತಲೆದೂಗುವ ಕೆಲಸವನ್ನೂ ಅವನೇ ಮಾಡುತ್ತಿದ್ದ. ಈಗ ಎರಡೂ ಅವಳ ಪಾಲು. ಮಂಡಿ ಊದುತ್ತಿತ್ತು. ಕಾಫಿಬೀಜ ಹುರಿಯುವಾಗ ತೋಳು ಜೋಮು ಹಿಡಿಯುತ್ತಿತ್ತು. ಸಂಜೆಯ ಜಪಮಾಲೆಗೆ ಕುಳಿತವಳು ಮೊದಲ ಹತ್ತು ಮಣಿ ಮುಗಿಯುವ ಮುನ್ನವೇ ತೂಕಡಿಸುತ್ತಿದ್ದಳು. ಅಷ್ಟರಲ್ಲಿ ಅಂಗಳದಲ್ಲಿ ಯಾರೋ ಕೆಮ್ಮುತ್ತಿದ್ದರು. ದೇವಮಾತೆಯನ್ನು ಅರ್ಧಕ್ಕೇ ನಿಲ್ಲಿಸಿ ಅವಳು ಎದ್ದು ಅಕ್ಕಿ ತೊಳೆಯುತ್ತಿದ್ದಳು.

ಕೊನೆಗೆ ಆ ವರ್ಷ ಕೊಯ್ಲು ಮುಗಿದ ಮೇಲೆ ಅವಳು ನಿಶ್ಚಯಿಸಿದಳು: ಈಟಿಯನ್ನು ಚಿಕ್ಕಪ್ಪನ ಮಗ ಅಂಬ್ರೋಸಿಯೋನಿಗೆ ಒಪ್ಪಿಸುವುದು. ಅವನಿಗೆ ಗಟ್ಟಿಮುಟ್ಟಾದ ಹೆಂಡತಿಯಿದ್ದಳು, ಸೊಸೆಯಂದಿರಿದ್ದರು. ತಿಂಗಳುಗಟ್ಟಲೆ ನುಣುಚಿಕೊಂಡ ಮೇಲೆ ಅವನು, ಭಾನುವಾರದ ಪೂಜೆಯಾದ ಬಳಿಕ ಬಂದು ಒಯ್ಯುತ್ತೇನೆಂದು ಒಪ್ಪಿದ. ರುಫೀನಾ ಈಟಿಯನ್ನು ಒಲೆಯ ಮೇಲಿನ ಗೂಟದಿಂದ ಇಳಿಸಿ, ಹೊಗೆಯ ಮಸಿ ಒರೆಸಿ, ಕೆಂಪು ಪಟ್ಟೆಯ ಹೊದಿಕೆಯಲ್ಲಿ ಸುತ್ತಿ ಮೂಲೆಯಲ್ಲಿ ಮಲಗಿಸಿದಳು.

ಆ ಭಾನುವಾರಕ್ಕೆ ಮುನ್ನ ಗುರುವಾರ ಬಂತು. ಅವಳ ತಂಗಿಯ ಮಗ ಡೆಲ್ಮಾರ್ ಮೋಟಾರ್ ಸೈಕಲ್ಲಿನಲ್ಲಿ ಪೇಟೆಯ ತಿರುವು ಇಳಿಯುತ್ತ, ಬೆನ್ನ ಮೇಲೆ ಹುರುಳಿ ಮೂಟೆ ಹೊತ್ತು ಏರುತ್ತಿದ್ದವನೊಬ್ಬನಿಗೆ ಗುದ್ದಿದ. ಬಿದ್ದವನು ಬಲ್ಲಿಯೊಂಗಿನ ಗಯ್ಯಾಮ್. ತೊಡೆಯೆಲುಬು ಮುರಿದಿತ್ತು.

ಅಂದು ಮಧ್ಯಾಹ್ನವೇ ಅಂಬ್ರೋಸಿಯೋ ಬಾಗಿಲಿಗೆ ಬಂದ, ಒಳಗೆ ಕಾಲಿಡಲಿಲ್ಲ.

"ಅಕ್ಕ, ನಾನು ತಗೊಳ್ತೀನಿ ಅಂದಿದ್ದು ಒಣಗಿರೋ ಈಟಿ. ಇದಕ್ಕೀಗ ರಕ್ತ ಅಂಟಿದೆ."

"ತೊಳೆದು ಕೊಡ್ತೀನಿ ಬಿಡು."

"ತೊಳೆದಾದ್ಮೇಲೆ ಹೇಳಿ ಕಳಿಸು," ಎಂದು ಅವನು ಬಂದ ದಾರಿ ಹಿಡಿದ.

ಠಾಣೆಯವರು ಕಾಗದ ಬರೆದುಕೊಂಡರು. ಆ ಕಾಗದ ಗಯ್ಯಾಮನ ಅಣ್ಣಂದಿರ ಸಿಟ್ಟನ್ನು ಇಳಿಸೀತೆಂದು ಠಾಣೆಯವರೂ ನಂಬಿರಲಿಲ್ಲ. ಇಳಿಸಬೇಕಾದ ಬಗೆ ಒಂದೇ: ಸಂಧಿ ಹೊತ್ತವರು ಬರಿಗೈಯಲ್ಲಿ, ದಾರಿಯಲ್ಲಿ ಹನಿ ನೀರೂ ಮುಟ್ಟದೆ ಎದುರೂರಿಗೆ ನಡೆದು, ಅಲ್ಲಿ ನೀರು ಬೇಡಬೇಕು. ಕೊಟ್ಟರೆ ಮಾತುಕತೆ, ದಂಡ, ಊಟ. ಕೊಡದಿದ್ದರೆ ಈಟಿಗಳು ಮರಳುತ್ತವೆ. ಆ ಮೇಲೆ ಒಂದೂರಿನವನು ಇನ್ನೊಂದೂರಿನ ಕಾಲುದಾರಿಯಲ್ಲಿ ಬಿದ್ದರೆ ಕೇಳುವವರಿಲ್ಲ. ನೀರಿನ ಮಾತು ತೀರುವ ತನಕ ಯಾರೂ ಗಡಿ ದಾಟುವಂತಿಲ್ಲ. ಮರುದಿನ ಬಲ್ಲಿಯೊಂಗಿನ ಮಕ್ಕಳು ಶಾಲೆಗೆ ಬರಲಿಲ್ಲ. ಜನರನ್ನು ಹೊರುವ ಬೆಳಗಿನ ಜೀಪ್ನಿ ಬಂಡಿ ತೂಗುಸೇತುವೆಯ ಬಳಿ ಖಾಲಿ ನಿಂತು ಖಾಲಿಯೇ ಮರಳಿತು.

ಗಯ್ಯಾಮನ ಹೆಂಡತಿಯೂ ಬರುವಂತಿರಲಿಲ್ಲ. ಡನ್ನಾಕಿನ ಕೆಳಗಿನ ಪೇಟೆಯ ಆಸ್ಪತ್ರೆಯಲ್ಲಿ ಹಾಸಿಗೆ ಕೊಡುತ್ತಾರೆ, ಅನ್ನ ಕೊಡುವವರು ಮನೆಯವರು. ಗುರುವಾರ ಸಂಜೆಯೇ, ಅಭ್ಯಾಸದಂತೆ ದೊಡ್ಡ ಪಾತ್ರೆ ಇಳಿಸಿದ ರುಫೀನಾಳಿಗೆ, ಬಲ್ಲಿಯೊಂಗಿನವನೊಬ್ಬ ತನ್ನ ಸೀಮೆಯಲ್ಲಿ ಉಣ್ಣದೆ ಮಲಗಿದ್ದಾನೆಂಬುದು ನೆನಪಾಯಿತು. ಅನ್ನವನ್ನೂ ಹುರುಳಿಯ ಸಾರನ್ನೂ ಡಬ್ಬಿಗೆ ತುಂಬಿಕೊಂಡು ಕುಂಟುತ್ತ ಇಳಿದಳು.

ಗಯ್ಯಾಮ್ ಗೋಡೆಯ ಕಡೆ ಮುಖ ತಿರುಗಿಸಿದ.

"ನಿನ್ನ ಒಲೆ ಅನ್ನ ತಿಂದ್ರೆ ಹಗೆ ಬಿಟ್ಟಂಗೆ, ಅಕ್ಕ. ನಮ್ಮ ದೊಮಿನಣ್ಣ ಇನ್ನೊಂದು ಕಾಲೂ ಮುರೀತಾನೆ."

"ಹಗೇನೂ ಇಟ್ಕೊ, ಅನ್ನಾನೂ ತಿನ್ನು. ನಾನು ಯಾರಿಗೂ ಹೇಳಲ್ಲ."

"ಆಣೆ?"

"ಆಣೆ. ಬೇಗ ತಿನ್ನು, ನನಗೆ ಮತ್ತೆ ಬೆಟ್ಟ ಹತ್ತೋದಿದೆ."

ಅವನು ಒಂದು ತುತ್ತು ಬಾಯಿಗಿಟ್ಟು ಹುಬ್ಬು ಗಂಟಿಕ್ಕಿದ. "ಉಪ್ಪಿಲ್ಲ."

ಮರುದಿನ ಅವಳು ಉಪ್ಪು ಹೆಚ್ಚಿಗೆ ಹಾಕಿ ಒಯ್ದಳು. ಆಗಲೂ ಅವನ ಮಾತು ಅದೇ ಆಗಿತ್ತು. ಡಬ್ಬಿ ಮಾತ್ರ ಎರಡು ಸಲವೂ ಬರಿದಾಗಿ ಮರಳಿತು.

ಶನಿವಾರ ಮುಂಜಾವಿನಲ್ಲಿ ಅವಳು ಹೊರಟು ನಿಂತಾಗ, ಅವಳ ಹಿತ್ತಿಲ ಕೋಣೆಯಲ್ಲಿ ಅಡಗಿದ್ದ ಡೆಲ್ಮಾರ್ ಹೊರಬಂದ.

"ದೊಡ್ಡಮ್ಮ, ನಾನೂ ಬರ್ತೀನಿ. ಕಾಲಿಗೆ ಬಿದ್ದು ತಪ್ಪಾಯ್ತು ಅಂತೀನಿ."

"ಬಾ ಬಾ. ಕಾಲಿಗೆ ಬಿದ್ರೆ ತಲೆ ತೆಗೆಯೋಕೆ ಅವರಿಗೂ ಸಲೀಸು. ಬೈಕ್ ಹತ್ತಿದಾಗ ಇಲ್ಲದ ಬುದ್ಧಿ ಈಗ ಬಂತಾ? ಒಲೆ ಆರದಂಗೆ ನೋಡ್ಕೊ. ಆಸ್ಪತ್ರೆಗೆ ಅನ್ನ ಒಯ್ಯೋಕೆ ನಿಮ್ಮಮ್ಮನಿಗೆ ಹೇಳಿದೀನಿ, ನೀನು ಆ ಕಡೆ ತಲೆ ಹಾಕ್ಬೇಡ."

ನಕ್ಷೆಯಲ್ಲಿ ಆ ಪುರಸಭೆ ಒಂದೇ ಬಣ್ಣದ ಒಂದೇ ತುಂಡು. ಕಾಲಿಗೆ ಮಾತ್ರ ಅದು ಎದುರುಬದುರು ನಿಂತ ಎರಡು ಗೋಡೆ, ನಡುವೆ ಪಾತಾಳ. ಡನ್ನಾಕಿನ ಹುಂಜ ಕೂಗಿದರೆ ಬಲ್ಲಿಯೊಂಗಿನ ನಾಯಿ ಬೊಗಳುತ್ತದೆ. ತಿಳಿಬಿಸಿಲಿನಲ್ಲಿ ತನ್ನ ಅಂಗಳದಿಂದಲೇ ರುಫೀನಾ, ಬಗ್ತಾಂಗನ ಮನೆಯ ತಗಡಿನ ಮಾಡನ್ನೂ ಅವನ ಹೆಂಡತಿ ಹರವಿದ ಬಟ್ಟೆಗಳನ್ನೂ ಕಾಣಬಲ್ಲಳು. ಆದರೆ ಆ ಬಟ್ಟೆಯನ್ನು ಮುಟ್ಟಬೇಕಾದರೆ ಗದ್ದೆಗಳ ಕಲ್ಲಂಚು ಹಿಡಿದು ಹೊಳೆಯ ತನಕ ಇಳಿಯಬೇಕು, ತೂಗುಸೇತುವೆ ದಾಟಬೇಕು, ಇಳಿದಷ್ಟನ್ನೂ ಮತ್ತೆ ಏರಬೇಕು. ಎಳೆಯ ಕಾಲಿಗೂ ಅದು ಮೂರು ತಾಸಿನ ಹಾದಿ.

ಇಳಿಜಾರಿನಲ್ಲಿ ಮಂಡಿ ನೋಯಿತು. ಏರಿನಲ್ಲಿ ಉಸಿರು ಸಿಕ್ಕಿಕೊಂಡಿತು. ಪೈನ್ ಮರಗಳ ಅಡಿಯಲ್ಲಿ ಸೀಳು ಬಿದಿರಿನಿಂದ ಸುರಿಯುವ ಒರತೆಯೊಂದಿತ್ತು. ಸಾವಿರ ಸಲ ಅಲ್ಲಿ ಮುಖವೊಡ್ಡಿ ಕುಡಿದಿದ್ದವಳು ಇಂದು ಅದಕ್ಕೆ ಬೆನ್ನು ತಿರುಗಿಸಿ ಕುಳಿತಳು. ನಾಲಗೆ ಅಂಗುಳಕ್ಕೆ ಅಂಟಿತ್ತು. ದೇವರೇ, ನಿನ್ನ ಮಗನೂ ಶಿಲುಬೆಯ ಮೇಲೆ ಬಾಯಾರಿಕೆಯೆಂದನಲ್ಲ, ಅವನಿಗೆ ಮಂಡಿನೋವಾದರೂ ಇರಲಿಲ್ಲ ಎಂದುಕೊಂಡಳು. ಅಂದುಕೊಂಡದ್ದಕ್ಕೆ ಅಳುಕಿ ಹಣೆಯಲ್ಲಿ ಶಿಲುಬೆ ಬರೆದುಕೊಂಡು ಎದ್ದಳು. ನೀರು ಸಿಗದಿದ್ದರೆ ಹೊತ್ತ ಭಾರ ಇಂದೇ ಇಳಿಯುತ್ತದೆಂಬ ಯೋಚನೆಯೂ ಸುಳಿಯದಿರಲಿಲ್ಲ. ಆದರೆ ಆ ಭಾರ ಇಳಿಯುವುದು ಯಾರ ಯಾರ ಅಂಗಳದಲ್ಲಿ ಹೆಣವಾಗಿ ಎಂಬುದು ಅವಳಿಗೆ ಗೊತ್ತಿತ್ತು.

ಬಗ್ತಾಂಗನ ಜಗುಲಿಯಲ್ಲಿ ಗಯ್ಯಾಮನ ಅಣ್ಣಂದಿರು ಮೊಣಕಾಲ ಮೇಲೆ ಮಚ್ಚು ಇಟ್ಟುಕೊಂಡು ಕುಳಿತಿದ್ದರು. ಬಗ್ತಾಂಗ್ ಅವಳಿಗಿಂತ ಹಿರಿಯ, ಒಂದು ಕಿವಿ ಮಂದ. ಯಾರೂ ಬಾ ಎನ್ನಲಿಲ್ಲ. ಅವಳು ಮೆಟ್ಟಿಲ ಬುಡದ ಕಲ್ಲಿನ ಮೇಲೆ ಕುಳಿತಳು.

"ಅಣ್ಣ, ಬಾಯಾರಿ ಬಂದಿದೀನಿ," ಎಂದಳು.

ಗಾಯಗೊಂಡವನ ಕಡೆಯವರೇ ಮೊದಲು ಮಾತಾಡಬೇಕಾದುದು ನ್ಯಾಯ. ಅಣ್ಣಂದಿರಲ್ಲಿ ಹಿರಿಯನಾದ ದೊಮಿನ್ ಬಾಯಿ ತೆರೆದ.

"ನಿನ್ನ ತಂಗಿ ಮಗನ್ನ ಯಾಕೆ ಕರ್ಕೊಂಡು ಬರ್ಲಿಲ್ಲ? ಅವನ ಬೈಕಲ್ಲಿ ಕೂತು ಬಂದಿದ್ರೆ ಇಷ್ಟು ಬೆವರ್ತಿರ್ಲಿಲ್ಲ."

"ಬೆಟ್ಟ ಹತ್ತೋದು ಅದಕ್ಕೆ ಗೊತ್ತಿಲ್ಲ, ಇಳಿಯೋದಷ್ಟೇ ಗೊತ್ತು," ಎಂದಳು. ಅಣ್ಣಂದಿರಲ್ಲಿ ಕಿರಿಯವನು ನಗು ತಡೆದುಕೊಂಡ. ದೊಮಿನ್ ಅವನತ್ತ ಕಣ್ಣು ಬಿಟ್ಟ.

ಬಿಸಿಲು ಜಗುಲಿಯ ಅಂಚಿನಿಂದ ಜಾರಿ ಅವಳ ನೆತ್ತಿಗೆ ಬಂತು. ದೊಮಿನ್ ಹಳೆಯದೆಲ್ಲವನ್ನೂ ತೆಗೆದ: ಡನ್ನಾಕಿನವರು ಸೇತುವೆಯ ಹಲಗೆ ಕದ್ದದ್ದು, ಸಂತೆಯಲ್ಲಿ ತಮ್ಮ ಹುರುಳಿಗೆ ಹುಳವೆಂದು ನಕ್ಕದ್ದು. ಅವಳು ತಲೆ ತಗ್ಗಿಸಿ ಕೇಳಿದಳು. ಮಾತುಗಳು ಒಂದು ಬಂಡೆಯ ಆಚೆಯಿಂದ ಬಂದಂತೆ ದೂರವಾಗುತ್ತಿದ್ದವು.

"ಈಗ ನಮ್ಮ ತಮ್ಮ ನಿಮ್ಮೂರ ಬಾಗಿಲಲ್ಲಿ ಉಪವಾಸ ಬಿದ್ದಿದಾನೆ. ಬೀದಿ ನಾಯಿಗಾದ್ರೂ ಯಾರಾದ್ರೂ ಒಂದು ಹಿಡಿ ಹಾಕ್ತಾರೆ. ಅವನಿಗೆ ಅದೂ ಇಲ್ಲ!"

"ಯಾರು ಉಪವಾಸ?" ಎಂದು ರುಫೀನಾ ತಲೆಯೆತ್ತಿದಳು. ಬಾಯಾರಿಕೆ, ಮಂಡಿ, ನಲವತ್ತು ವರ್ಷದ ಅಡುಗೆ, ಎಲ್ಲವೂ ಒಟ್ಟಿಗೆ ಗಂಟಲಿಗೆ ಬಂದವು. "ಎರಡು ದಿನ ನನ್ನ ಡಬ್ಬಿ ನೆಕ್ಕಿ ಕೊಟ್ಟಿದಾನೆ! ಉಪವಾಸವಂತೆ!"

ಆಡಿದ ಮೇಲೆ ಆಣೆ ನೆನಪಾಯಿತು. ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು, ಪ್ರಯೋಜನವಿರಲಿಲ್ಲ. ದೊಮಿನ್ ಎದ್ದು ನಿಂತಿದ್ದ. ಮಚ್ಚು ಕೈಯಲ್ಲೇ ಇತ್ತು.

"ಅವನು ತಿಂದ್ನಾ? ನಮ್ಮನ್ನ ಕೇಳ್ದೆ ತಿಂದ್ನಾ? ಸುಳ್ಳು ಹೇಳ್ತಿದೀಯ ಮುದುಕಿ. ನೀರಿಗೋಸ್ಕರ ಸುಳ್ಳು ಹೇಳ್ತಿದೀಯ."

ಆಗ ಅಡುಗೆಮನೆಯ ಬಾಗಿಲಲ್ಲಿ, ಕಂಕುಳಲ್ಲಿ ಕೂಸು ಹೊತ್ತು ನಿಂತಿದ್ದ ಗಯ್ಯಾಮನ ಹೆಂಡತಿ ಲುಸಿಂಗ್ ಮೆಲ್ಲಗೆ ಕೇಳಿದಳು:

"ಅಕ್ಕ, ಉಪ್ಪಿನ ಮಾತು ಏನಾದ್ರೂ ಬಂತಾ?"

"ಮೊದಲ ದಿನ ಇಲ್ಲ ಅಂದ. ಎರಡನೇ ದಿನ ಸಮುದ್ರ ಸುರಿದೆ. ಆಗ್ಲೂ ಇಲ್ಲ ಅಂದ."

ಲುಸಿಂಗ್ ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿ ಹರಿಯಿತು. "ಅವರೇ," ಎಂದಳು. "ಅವರೇ. ಜೀವ ಇದೆ. ಗಟ್ಟಿಯಾಗೇ ಇದೆ."

ಕಿರಿಯವನಿಗೆ ಈ ಸಲ ನಗು ತಡೆಯಲಾಗಲಿಲ್ಲ. ಬಗ್ತಾಂಗ್ ತನ್ನ ಒಳ್ಳೆಯ ಕಿವಿಯನ್ನು ದೊಮಿನನ ಕಡೆಗೆ ತಿರುಗಿಸಿದ.

"ಕಾಲು ಮುರ್ಕೊಂಡೋನೇ ಆ ಒಲೆ ಅನ್ನ ಉಂಡಾಯ್ತು. ಎರಡು ಕಾಲೂ ಚೆನ್ನಾಗಿರೋ ನೀನು ಇನ್ನೆಷ್ಟು ಹೊತ್ತು ನಿಂತಿರ್ತೀಯ? ಕೂತ್ಕೊ."

ದೊಮಿನ್ ಮಚ್ಚನ್ನು ಮರದ ಒರೆಗೆ ತುರುಕಿ, ಯಾರ ಮುಖವನ್ನೂ ನೋಡದೆ ಕುಳಿತ. ಬಗ್ತಾಂಗ್ ತಾನೇ ಎದ್ದು, ಹಂಡೆಯಿಂದ ತೆಂಗಿನ ಚಿಪ್ಪಿನಲ್ಲಿ ನೀರು ಮೊಗೆದು ತಂದು ಅವಳ ಕೈಗಿತ್ತ. ಅವಳು ಎರಡು ಹನಿಯನ್ನು ನೆಲಕ್ಕೆ, ಇಬ್ಬರ ಅಜ್ಜಂದಿರಿಗೆಂದು ಚೆಲ್ಲಿ ಉಳಿದುದನ್ನು ಕುಡಿದಳು. ಆತುರಕ್ಕೆ ಅರ್ಧ ಕುತ್ತಿಗೆಗೆ ಹರಿಯಿತು.

ದಂಡದ ಮಾತು ಬೇಗ ಮುಗಿಯಿತು: ಡೆಲ್ಮಾರನ ಮನೆಯಿಂದ ಒಂದು ಎಮ್ಮೆ, ಆಸ್ಪತ್ರೆಯ ಖರ್ಚು. ಉಳಿದುದು ಗಯ್ಯಾಮ್. ಮುರಿದ ಕಾಲಿನಲ್ಲಿ ಅವನು ತೂಗುಸೇತುವೆ ದಾಟಿ ಬೆಟ್ಟ ಏರುವಂತಿರಲಿಲ್ಲ.

"ನಡೆಯೋ ತನಕ ನಿನ್ನ ಮನೇಲೇ ಇರ್ಲಿ," ಎಂದ ಬಗ್ತಾಂಗ್. "ಹೆಂಡ್ತಿ, ಮಕ್ಕಳು ಜೊತೆಗೆ. ದೊಮಿನ್ ಆಗಾಗ ಬಂದು ನೋಡ್ಕೊಂಡು ಹೋಗ್ತಾನೆ."

"ಉಂಡ್ಕೊಂಡೂ ಹೋಗ್ತಾನೆ," ಎಂದಳು ರುಫೀನಾ.

ಬಗ್ತಾಂಗ್ ಅವಳ ಪಕ್ಕದಲ್ಲಿ ಕಲ್ಲಿನ ಮೇಲೆ ಕುಳಿತ. ದನಿ ತಗ್ಗಿಸಿ, "ನೀನು ಈಟಿ ಅಂಬ್ರೋಸಿಯೋಗೆ ದಾಟಿಸ್ತಿದೀಯಂತೆ, ಹೌದಾ?" ಎಂದ.

"ಯಾರು ಹೇಳಿದ್ದು?"

"ನಮ್ಮೋರು ವಾರಕ್ಕೆ ನಾಕು ಜನ ನಿನ್ನ ಮನೇಲಿ ಮಲಗ್ತಾರೆ. ಯಾರು ಹೇಳ್ಬೇಕು?" ಅವನು ಅಡುಗೆಮನೆಯತ್ತ ಒಮ್ಮೆ ನೋಡಿದ. "ನಾನೂ ನನ್ನ ಈಟಿ ತಗೊ ಅಂತ ಅಳಿಯನನ್ನ ಕೇಳ್ದೆ. ಮನೆ ಚಿಕ್ಕದು ಅಂದ. ತಂಗಿ, ನನ್ನೋಳಿಗೂ ಬೆನ್ನು ಬಗ್ಗಲ್ಲ ಈಗ. ನಿಮ್ಮೂರೋರು ಕಾಫಿಗೆ ಸಕ್ಕರೆ ಎಷ್ಟು ಹಾಕ್ಕೊಳ್ತಾರೆ, ಗೊತ್ತಾ?"

"ಗೊತ್ತು. ನನ್ನ ತಮ್ಮಂದಿರೇ ಅಲ್ವಾ."

ಇಬ್ಬರೂ ಎದುರುಬೆಟ್ಟದ ಕಡೆ ನೋಡುತ್ತ ಕುಳಿತರು. ಅಲ್ಲಿ ಅವಳ ಮಾಡಿನ ಮೇಲೆ ತೆಳ್ಳನೆಯ ಹೊಗೆ ಏಳುತ್ತಿತ್ತು. ಡೆಲ್ಮಾರ್ ಒಲೆಯನ್ನು ಆರಲು ಬಿಟ್ಟಿರಲಿಲ್ಲ.

ಇಳಿಯುವಾಗ ಲುಸಿಂಗ್ ಕೂಸನ್ನು ಬೆನ್ನಿಗೆ ಕಟ್ಟಿ, ತಲೆಯ ಮೇಲೆ ಬಟ್ಟೆಗಂಟು ಹೊತ್ತು ಜೊತೆಗೆ ಬಂದಳು; ಹಿಂದೆ ಉಳಿದ ಮಕ್ಕಳು. ಪೈನ್ ಮರಗಳ ಕೆಳಗಿನ ಒರತೆಯಲ್ಲಿ ರುಫೀನಾ ಹೊಟ್ಟೆ ತುಂಬ ಕುಡಿದಳು. ಪೇಟೆ ಮುಟ್ಟಿದಾಗ ಬೆಳಕಿನ್ನೂ ಇತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಗಯ್ಯಾಮ್ ಹೆಂಡತಿಯನ್ನು ನೋಡಿದ, ಮಕ್ಕಳನ್ನು ನೋಡಿದ, ಕೊನೆಗೆ ರುಫೀನಾಳನ್ನು ನೋಡಿದ.

"ಹೇಳಲ್ಲ ಅಂತ ಆಣೆ ಇಟ್ಟಿದ್ದೆ ನೀನು."

"ಸುಸ್ತಾಗಿತ್ತು," ಎಂದಳು ರುಫೀನಾ.

ಮನೆಗೆ ಬಂದು ಅವಳು ಮಕ್ಕಳಿಗೆ ಮಲಗಲು ಜಾಗ ನೋಡಿದಳು. ಚಾಪೆ ಪೂರ್ತಿ ಬಿಚ್ಚಿಕೊಳ್ಳಬೇಕಾದರೆ ಮೂಲೆ ತೆರವಾಗಬೇಕಿತ್ತು. ಅಲ್ಲಿ ಕೆಂಪು ಪಟ್ಟೆಯ ಹೊದಿಕೆಯಲ್ಲಿ ಸುತ್ತಿದ ಈಟಿ ಮಲಗಿತ್ತು. ಅವಳು ಹೊದಿಕೆಯನ್ನು ಬಿಚ್ಚಿ ಲುಸಿಂಗಳ ಕೈಗೆ ಕೊಟ್ಟಳು. ಈಟಿಯನ್ನು ಎತ್ತಿ, ಮಂಡಿ ಹಿಡಿದುಕೊಂಡು, ಒಲೆಯ ಮೇಲಿನ ಹಳೆಯ ಗೂಟಕ್ಕೆ ಮತ್ತೆ ಸಿಕ್ಕಿಸಿದಳು.

"ಅಕ್ಕ, ಉಪ್ಪು ನಾನು ಹಾಕ್ತೀನಿ," ಎಂದಳು ಒಲೆಯ ಮುಂದಿನಿಂದ ಲುಸಿಂಗ್.

"ಹಾಕು," ಎಂದು ರುಫೀನಾ ಜಪಮಾಲೆ ಹಿಡಿದು ಗೋಡೆಗೆ ಒರಗಿದಳು. ಅಂದು ಎಷ್ಟನೆಯ ಮಣಿಗೆ ನಿದ್ದೆ ಬಂದಿತೋ, ಅವಳಿಗೆ ತಿಳಿಯಲಿಲ್ಲ.