ಮಠದ ಅಡುಗೆಮನೆಯಲ್ಲಿ ಸಿಕ್ಕ ಬಳೆಗಳು

ಎಪ್ಪತ್ತರ ದಶಕದ ಕೊನೆಯಲ್ಲಿ ತಿಳವಳ್ಳಿ ಹತ್ತಿರದ ಒಂದು ಹೊಲದಲ್ಲಿ ನಾವು ಚಾಲುಕ್ಯರ ಕಾಲದ ಮಠವೊಂದರ ಅವಶೇಷ ಅಗೆಯುತ್ತಿದ್ದೆವು. ಮೊದಲು ಅಡುಗೆಮನೆಯ ಒಲೆಗಳು ಸಿಕ್ಕವು, ಆಮೇಲೆ ಸವೆದುಹೋದ ಬೀಸುವ ಕಲ್ಲು. ಅದರ ಸುತ್ತಲಿನ ಮಣ್ಣು ಜರಡಿ ಹಿಡಿದಾಗ ಗಾಜಿನ ಬಳೆಯ ಚೂರುಗಳು ಬರತೊಡಗಿದವು.

ಹೊಲದ ಯಜಮಾನರಾದ ಬಸಣ್ಣೆಪ್ಪನವರು ದಿನಾ ಬಂದು ಬೇವಿನ ನೆರಳಲ್ಲಿ ಕೂಡುತ್ತಿದ್ದರು. ಚೂರುಗಳನ್ನು ನೋಡಿ ಅವರ ಮುಖ ಸಪ್ಪಗಾಯಿತು.

"ಸಾಹೇಬ್ರ, ಇದನ್ನ ಬರೀಬ್ಯಾಡ್ರಿ. ಸನ್ಯಾಸಿಗಳ ಮಠದಾಗ ಬಳಿ ಸಿಕ್ವು ಅಂದ್ರ ಮಂದಿ ಏನಂದಾರು?"

"ಸಿಕ್ಕದ್ದನ್ನ ಬರೀದ ಬಿಡಾಕ ಬರೂದಿಲ್ರಿ," ಎಂದೆ.

ಅವರು ಸಿಟ್ಟಿನಿಂದ ಎದ್ದರು. ಕೆಲಸವನ್ನೇ ನಿಲ್ಲಿಸಿಬಿಡುತ್ತಾರೆಂದು ನನಗೆ ಹೆದರಿಕೆಯಾಯಿತು. ಆದರೆ ಅವರು ನೇರವಾಗಿ ಬೀಸುವ ಕಲ್ಲಿನ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕುಳಿತು, ಸವೆದ ಜಾಗದ ಮೇಲೆ ಕೈಯಾಡಿಸಿದರು.

"ನಮ್ಮವ್ವನೂ ಮಠದ ದಾಸೋಹಕ್ಕ ಬೀಸಾಕ ಹೋಗ್ತಿದ್ಲರಿ," ಎಂದರು. "ಕೈಯಾಗ ಶಕ್ತಿ ಇರೂತನಕ ಹೋದ್ಲು. ಬೀಸೂವಾಗ ಬಳಿ ಒಡದು ಮುಂಗೈ ಎಲ್ಲಾ ಗಾಯ ಆಗಿರ್ತಿತ್ತು. ಮಠ ಕಟ್ಟಿಸಿದವ್ರ ಹೆಸರು ಕಲ್ಲಿನ ಮ್ಯಾಲೆ ಅದಾವು. ಅಕಿ ಹೆಸರು ಎಲ್ಲೂ ಇಲ್ಲ." ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು. "ಬರೀರಿ. ಎಲ್ಲಾ ಬರೀರಿ."

ಬರೆದೆ.

ಮರುದಿನ ಮಧ್ಯಾಹ್ನ ಅವರ ಮನೆಯಿಂದ ನಮಗೆಲ್ಲ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಂತು. ಹೊಟ್ಟೆ ತುಂಬ ಉಂಡು ಹೊಗಳಿದೆವು. ರೊಟ್ಟಿ ಬಡಿದವರ ಹೆಸರು ಕೇಳುವುದು ಮಾತ್ರ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.