ಗುಲ್ಮ ಕದ್ದವರ್ಯಾರು?

ಐದು ವರ್ಷದ ಹಿಂದೆ ನಾನು ಶಿಕಾರಿಪುರದ ಒಂದು ಖಾಸಗಿ ಸ್ಕ್ಯಾನಿಂಗ್ ಸೆಂಟರಿನಲ್ಲಿ ರೇಡಿಯಾಲಜಿಸ್ಟ್ ಆಗಿದ್ದೆ. ಸೊರಬದ ಕಡೆಯ ಸುಜಾತಾ ಎಂಬ ಇಪ್ಪತ್ನಾಲ್ಕು ವರ್ಷದ ಟೈಲರ್ ಹೊಟ್ಟೆನೋವೆಂದು ಬಂದಳು. ಮೂರು ತಿಂಗಳ ಹಿಂದೆ ಇದೇ ನೋವಿಗೆ ಅಲ್ಲಿನ ಸರ್ಜನ್ ಒಬ್ಬರು ಅಪೆಂಡಿಕ್ಸ್ ತೆಗೆದಿದ್ದರು. ನೋವು ಹೋಗಿರಲಿಲ್ಲ. ಸ್ಕ್ಯಾನಿನಲ್ಲಿ ಪಿತ್ತಕೋಶದ ತುಂಬ ಸಣ್ಣ ಕಲ್ಲುಗಳು ಕಂಡವು. ಎಡಪಕ್ಕೆಯೊಳಗಿದ್ದು ರಕ್ತ ಸೋಸುವ ಗುಲ್ಮ ಮಾತ್ರ ಎಷ್ಟು ಹುಡುಕಿದರೂ ಕಾಣಲಿಲ್ಲ. ಹೊರಗೆ ಜನ ಕಾಯುತ್ತಿದ್ದರು. 'ಗುಲ್ಮ ಕಾಣುತ್ತಿಲ್ಲ' ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಕಳಿಸಿಬಿಟ್ಟೆ.

ಮರುದಿನ ಬೆಳಗ್ಗೆ ಅವಳ ಅಣ್ಣ ಶೇಖರಪ್ಪ, ತಂಗಿಯನ್ನೂ ಏಳೆಂಟು ಜನರನ್ನೂ ಕರೆದುಕೊಂಡು ನುಗ್ಗಿದ. ರಿಪೋರ್ಟನ್ನು ಮೆಡಿಕಲ್ ಶಾಪಿನಲ್ಲಿ ಓದಿಸಿದ್ದನಂತೆ.

"ಗುಲ್ಮನೇ ಇಲ್ಲ ಅಂತ ನೀವೇ ಬರ್ದಿದೀರಲ್ರೀ ಮೇಡಂ! ಆಪರೇಷನ್ ನೆಪದಲ್ಲಿ ಆ ಡಾಕ್ಟ್ರು ತೆಗ್ದು ಮಾರ್ಕೊಂಡಿದಾನೆ. ಸ್ಟೇಷನ್ನಿಗೆ ಬಂದು ಹೇಳ್ರಿ!"

ಅಷ್ಟರಲ್ಲಿ ಆ ಸರ್ಜನ್ ಫೋನು. ಇವರು ಅವರ ನರ್ಸಿಂಗ್ ಹೋಮಿನ ಬಾಗಿಲ ಗಾಜು ಒಡೆದೇ ಇಲ್ಲಿಗೆ ಬಂದಿದ್ದರು. "ಒಂದು ಸಾಲು ಗೀಚಿ ನನ್ನ ಮೇಲೆ ಜನ ಬಿಟ್ರಲ್ರೀ! ನಿಮ್ಮನ್ನೂ ಕೋರ್ಟಿಗೆ ಎಳೀತೀನಿ."

ಹೆದರಿಕೆಗಿಂತ ನನಗೆ ಸಿಟ್ಟೇ ಹೆಚ್ಚು ಬಂದಿತ್ತು. ಚಿತ್ರಗಳನ್ನು ಮತ್ತೆ ತೆರೆದೆ. ಅಪೆಂಡಿಕ್ಸಿನ ಅಷ್ಟು ಸಣ್ಣ ಗಾಯದಲ್ಲಿ ಗುಲ್ಮ ತೆಗೆಯಲು ಬರುವುದಿಲ್ಲ. ಆದರೆ ಯಾರೂ ಮುಟ್ಟದೆಯೂ ಅದು ಇಲ್ಲವಾಗುವುದುಂಟು. ಸಿಕಲ್ ಸೆಲ್ ಅನೀಮಿಯಾ ಎಂಬ ಹುಟ್ಟುಕಾಯಿಲೆಯಲ್ಲಿ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ರಕ್ತ ಸಿಗದೆ ಗುಲ್ಮ ವರ್ಷಗಟ್ಟಲೆ ಸುರುಟುತ್ತ ಹೋಗುತ್ತದೆ. ಒಡೆದ ಕಣಗಳ ಬಣ್ಣ ಪಿತ್ತಕೋಶದಲ್ಲಿ ಕಲ್ಲಾಗುತ್ತದೆ. ಇದು ಹಿಂದಿನ ದಿನವೇ ನನಗೆ ಹೊಳೆಯಬೇಕಿತ್ತು.

"ಮೊದ್ಲು ರಕ್ತ ಪರೀಕ್ಷೆ ಆಗ್ಲಿ. ಆಮೇಲೆ ಸ್ಟೇಷನ್ನಿಗೆ ನಾನೇ ಬರ್ತೀನಿ" ಎಂದೆ.

"ಡಾಕ್ಟ್ರು ಡಾಕ್ಟ್ರು ಒಂದಾದ್ರಿ" ಎಂದು ಶೇಖರಪ್ಪ ಮೇಜು ಗುದ್ದಿದ.

ಬೆಂಚಿನ ಮೇಲೆ ಹೊಟ್ಟೆ ಹಿಡಿದು ಕೂತಿದ್ದ ಸುಜಾತಾ ತಲೆಯೆತ್ತಿದಳು. "ಸುಮ್ನಿರಣ್ಣ, ರಕ್ತ ಕೊಡ್ತೀನಿ." ಆಮೇಲೆ ನನ್ನತ್ತ ತಿರುಗಿ, "ಸಣ್ಣೋಳಿದ್ದಾಗಿಂದ ಕೈಕಾಲು ನೋವು, ಕಣ್ಣು ಹಳದಿ. ನೀವ್ಯಾರೂ ಕೇಳ್ಲೇ ಇಲ್ಲ" ಎಂದಳು.

ಶಿವಮೊಗ್ಗದಿಂದ ಬಂದ ರಿಪೋರ್ಟು ಸಿಕಲ್ ಸೆಲ್ ಎಂದೇ ಹೇಳಿತು. ದೊಡ್ಡ ಆಸ್ಪತ್ರೆಯಲ್ಲಿ ರಕ್ತ ಕೊಟ್ಟು, ಎಚ್ಚರಿಕೆಯಿಂದ ಪಿತ್ತಕೋಶ ತೆಗೆದರು. ಹೊಟ್ಟೆನೋವು ಕಡಿಮೆಯಾಯಿತು. ಕಾಯಿಲೆ ಉಳಿಯಿತು, ಅದಕ್ಕೆ ಮಾತ್ರೆ ನುಂಗುತ್ತ ಅವಳು ಹೊಲಿಗೆ ಮುಂದುವರಿಸಿದ್ದಾಳೆ. ಸರ್ಜನ್ ಇಂದಿಗೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ.

ಶೇಖರಪ್ಪ ಕ್ಷಮೆ ಕೇಳಲಿಲ್ಲ. ಹಳೆಯ ಫಿಲ್ಮು ಒಯ್ಯಲು ಬಂದವನು ಬಾಗಿಲಲ್ಲೇ ನಿಂತು, "ಅವತ್ತೇ ಎರಡು ಮಾತು ಬಾಯ್ಬಿಟ್ಟು ಹೇಳಿದ್ರೆ ನಾವ್ಯಾಕ್ರೀ ಜಗಳಕ್ಕೆ ಬರ್ತಿದ್ವಿ?" ಎಂದ. ಅಂದಿನಿಂದ ಹೊಟ್ಟೆಯ ಮೇಲಿನ ಜೆಲ್ ಒರೆಸುವ ಮೊದಲೇ ಮಲಗಿದವರನ್ನು ಮಾತಾಡಿಸುತ್ತೇನೆ. ಯಂತ್ರಕ್ಕೆ ಕಾಣದ್ದು ಎಷ್ಟೋ ಸಲ ಅವರಿಗೆ ಗೊತ್ತಿರುತ್ತದೆ.