ಆನೆ ಚೀಟಿಯ ಹಿಂದಿನ ಗೋಡೆ

ಮಾತಿಯ ಅಜ್ಜ ಲಿಂಗಪ್ಪ ನಡುವಟ್ಟಂ ಘಟ್ಟದ ಹಾದಿಯಲ್ಲಿ ಹೇರೆತ್ತು ಹೊಡೆದವನು. ತಿರುವಿನಲ್ಲಿ ಎತ್ತು ಕುಸಿದಾಗ ಹೇರನ್ನು ತಾನೇ ಹೆಗಲಿಗೇರಿಸಿ ಗೂಡಲೂರು ಮುಟ್ಟಿಸಿದ ಗಟ್ಟಿಗ. ಅಪ್ಪ ಅದೇ ಹಾದಿಯಲ್ಲಿ ಅರಿವೆ ಮಾರಿದ. ಸೀಮೆಬಟ್ಟೆಯ ಥಾನುಗಳ ಮೇಲೆ ಅಂಟಿಸಿ ಬರುತ್ತಿದ್ದ ಬಣ್ಣದ ಚಿತ್ರಚೀಟಿಗಳನ್ನು ಹಬೆ ಹಿಡಿದು ಬಿಡಿಸಿ ಮಗಳಿಗೆ ತರುತ್ತಿದ್ದ. ಆನೆ, ನವಿಲು, ಕೊಡ ಹೊತ್ತ ಹೆಣ್ಣು. ನಮ್ಮ ಹಟ್ಟಿಗೆ ಸೊಸೆಯಾಗಿ ಬಂದಾಗ ಮಾತಿಯ ಪೆಟ್ಟಿಗೆಯಲ್ಲಿ ಸೀರೆಗಿಂತ ಚೀಟಿಯೇ ಹೆಚ್ಚು.

ಚಹಾ ಇನ್ನೂ ದೊರೆಗಳ ಎಸ್ಟೇಟು ದಾಟದ ಕಾಲ ಅದು. ಗಂಡ ತೀರಿದ ಮೇಲೆ ಮಾತಿ ಆ ಚೀಟಿಗಳಿಗಾಗಿಯೇ ಮನೆಯ ಒಳಗನ್ನು ಬದಲಿಸಿದಳು. ಹೊಗೆ ಬಡಿಯಬಾರದೆಂದು ಒಲೆಯನ್ನು ಹಿತ್ತಿಲ ಮಾಡಿನ ಕೆಳಗೆ ದಾಟಿಸಿದಳು. ಬೆಳಕು ಓರೆಯಾಗಿ ಬೀಳಲೆಂದು ಸಣ್ಣ ಕಿಂಡಿ ಕೊರೆಸಿದಳು. ಮಂಜಿನ ಊರಲ್ಲಿ ಹೊರಗೋಡೆ ಬೆವರುತ್ತದೆ. ಒಣಗಿದ್ದುದು ಒಂದೇ ಗೋಡೆ. ನಮ್ಮ ಮನೆಗಳು ಸಾಲಾಗಿ, ನಡುಗೋಡೆ ಹಂಚಿಕೊಂಡು ನಿಂತಿವೆ. ಆ ಗೋಡೆಯಾಚೆ ಮೈದುನ ಮಲ್ಲಪ್ಪನ ಒಲೆ. ಅದರ ಬಿಸಿ ಸಿಗುವಲ್ಲಿ, ಎಸ್ಟೇಟಿನವರು ಎಸೆದ ಚಹಾ ಪೆಟ್ಟಿಗೆಯ ಹಲಗೆಗಳಿಗೆ ಚೀಟಿ ಅಂಟಿಸಿ ತೂಗುಹಾಕಿದಳು.

"ಗೋಡೆಗೆ ಕಿವಿ ಇಟ್ಟವಳೆ, ಮೇಲೆ ಚಿತ್ರದ ಮುಚ್ಚಳ!" ಎಂದು ಮಲ್ಲಪ್ಪನ ಹೆಂಡತಿ ನೀರಿಗೆ ಹೋದಲ್ಲೆಲ್ಲ ಸಾರಿದಳು. ಮಾತಿಗೂ ಅನುಮಾನ ಇತ್ತು. ಮಕ್ಕಳಿಲ್ಲದ ತನ್ನ ಮನೆಯನ್ನು ಮೈದುನ ತನ್ನದಕ್ಕೆ ಸೇರಿಸಿಕೊಂಡಾನು ಎಂದು. ಬಂದಾಗಲೆಲ್ಲ ಅವನು ಚಿತ್ರ ನೋಡುತ್ತಿರಲಿಲ್ಲ, ಕಣ್ಣಲ್ಲೇ ಗೋಡೆ ಅಳೆಯುತ್ತಿದ್ದ.

ಒಂದು ಸಂಜೆ ಮಾತಿ ಸೌದೆ ಇಳಿಸಿ ಒಳಗೆ ಬಂದರೆ ಆನೆ ಚೀಟಿಯ ಕೆಳಗೆ ಹಿಡಿ ಮಣ್ಣು. ಗುಡಿಸಿದಳು. ಮರುದಿನ ಸೌದೆಗೆ ಹೋಗಿ ಬಂದಾಗ ಮತ್ತೆ ಮಣ್ಣು. ಇಲಿಗೆ ಇವಳ ಸೌದೆಯ ಹೊತ್ತು ಹೇಗೆ ಗೊತ್ತು?

ಮೂರನೆಯ ದಿನ ಮಲ್ಲಪ್ಪನೇ ಬಂದ.

"ಅತ್ತಿಗೆ, ಈ ಗೋಡೆ ಉಬ್ಬೈತೆ. ನಿಮ್ಮ ಮೇಲೆ ಬಿದ್ದರೆ ನನಗಲ್ವಾ ಕೆಟ್ಟ ಹೆಸರು? ನಾಳೆ ಹತ್ತಾಳು ಕರ್ಕೊಂಡು ಬತ್ತೀನಿ, ಕೆಡವಿ ಹೊಸದು ಎಬ್ಬಿಸ್ತೀವಿ."

"ಆ ಹೊಸ ಗೋಡೇಲಿ ಬಾಗಿಲು ಎಷ್ಟಗಲ ಇಡ್ತೀಯಪ್ಪಾ?"

"ಅಯ್ಯೋ, ನಿಮಗೆ ಹಾಲಲ್ಲೂ ಹುಳಾನೇ ಕಾಣೋದು!"

ಮಾತಿ ಆನೆಯನ್ನು ಮೊಳೆಯಿಂದ ಇಳಿಸಿದಳು. ಹಿಂದಿನ ತೂತಿನಲ್ಲಿ ಹಾರೆಯ ಮೊನೆ ಇನ್ನೂ ಸಿಕ್ಕಿಕೊಂಡಿತ್ತು. ಮಲ್ಲಪ್ಪನ ನಗು ಬಾಯಲ್ಲೇ ಒಣಗಿತು.

"ಆಚೆಯಿಂದ ಎಳಕೋ ಹೋಗು," ಎಂದಳು ಮಾತಿ. "ತೂತಿಗೆ ಮಣ್ಣು ನಾನೇ ಮೆತ್ಕೋತೀನಿ. ನಿನ್ನ ಹತ್ತಾಳೂ ಬೇಡ, ಒಂದಾಳೂ ಬೇಡ. ನಿನ್ನ ಒಲೆ ಬಿಸಿ ಒಂದು ಸಾಕು ನನಗೆ. ಮಿಕ್ಕ ಉಪಕಾರ ನಿನ್ನ ಮನೇಲೇ ಇರಲಿ."